ಮರಳಿ ಮರಳಿ ಬರುವ ದಿನ

‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬುದು ನಮ್ಮ ಹಿರಿಯರ ಗಾದೆ. ಬುದ್ಧಿ ಬರುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಕೆಟ್ಟ ದಿನವನ್ನು ಹಿಂದಕ್ಕೆ ಕರೆಯುವ ಉಪಾಯ ಮನುಷ್ಯನಿಗಿಲ್ಲ. ಹಾಗೊಂದು ಉಪಾಯವಿದ್ದರೆ? ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟ ವಿಜ್ಞಾನ ಕಥೆಗಳು ಅನೇಕ. ಅವುಗಳಲ್ಲಿ ಒಂದೇ ದಿನ ಮತ್ತೆ ಮತ್ತೆ ಬರುತ್ತದೆ. ಊರವರಿಗೆಲ್ಲ ಅದು ಹೊಸ ದಿನ. ನಾಯಕನೊಬ್ಬನಿಗೆ ಮಾತ್ರ ಹಳೆಯದು.

ಕೇಳುವುದಕ್ಕೆ ಇದು ಅಜ್ಜಿಕಥೆಯಂತೆ ತೋರಬಹುದು. ಆದರೆ ಇಂಥ ಕಥೆಯನ್ನು ಎತ್ತಿ ನಿಲ್ಲಿಸುವುದು ಅದ್ಭುತವಲ್ಲ, ಕಟ್ಟುನಿಟ್ಟಾದ ಲೆಕ್ಕ. ದಿನ ಹಿಂದಿರುಗುವುದು ಯಾವಾಗ? ನೆನಪು ಉಳಿಯುವುದು ಯಾರಿಗೆ? ಬಿಡುಗಡೆ ಹೇಗೆ? ಈ ಮೂರಕ್ಕೂ ಕಥೆಗಾರ ಉತ್ತರ ಹೇಳಬೇಕು. 1993ರ ‘ಗ್ರೌಂಡ್‌ಹಾಗ್ ಡೇ’ ಎಂಬ ಅಮೆರಿಕದ ಚಿತ್ರ ದಿನವು ಏಕೆ ಮರುಕಳಿಸುತ್ತದೆಂದು ಹೇಳುವ ಗೋಜಿಗೇ ಹೋಗಲಿಲ್ಲ. ನಗೆಯ ಚಿತ್ರವಾದ್ದರಿಂದ ಅದು ನಡೆಯಿತು. ಪ್ರಾಣಸಂಕಟದ ಕಥೆಗೆ ಆ ರಿಯಾಯಿತಿ ಇಲ್ಲ.

2014ರಲ್ಲಿ ತೆರೆಗೆ ಬಂದ ‘ಎಡ್ಜ್ ಆಫ್ ಟುಮಾರೋ’ ಚಿತ್ರವನ್ನು ನೋಡಿ. ಜಪಾನಿನ ಹಿರೋಷಿ ಸಕುರಾಝಾಕಾ 2004ರಲ್ಲಿ ಪ್ರಕಟಿಸಿದ ಕಾದಂಬರಿಯೊಂದು ಇದಕ್ಕೆ ಆಧಾರ. ನಿರ್ದೇಶಕ ಡಗ್ ಲೈಮನ್. ಅನ್ಯಲೋಕದ ಜೀವಿಗಳು ಯೂರೋಪನ್ನು ಆಕ್ರಮಿಸಿವೆ. ಪ್ರಚಾರದ ಮಾತಾಡಿಕೊಂಡು ರಣರಂಗದಿಂದ ದೂರವಿದ್ದ ಮೇಜರ್ ಕೇಜ್ (ಟಾಮ್ ಕ್ರೂಸ್) ಸೇನಾಪತಿಯ ಕೋಪಕ್ಕೆ ತುತ್ತಾಗಿ, ಸಾಮಾನ್ಯ ಸಿಪಾಯಿಯಾಗಿ ಫ್ರಾನ್ಸಿನ ಕಡಲತೀರಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ‘ಆಲ್ಫಾ’ ಎಂಬ ಅಪರೂಪದ ಶತ್ರುಜೀವಿಯನ್ನು ಕೊಂದು ತಾನೂ ಸಾಯುತ್ತಾನೆ. ಅದರ ರಕ್ತ ಇವನ ಮೈಸೇರುತ್ತದೆ. ಕಣ್ಣುಬಿಟ್ಟರೆ ಹಿಂದಿನ ದಿನ, ಲಂಡನ್ನಿನ ಹೀಥ್ರೋ ಶಿಬಿರ, ಕೈಗೆ ಕೋಳ, ಕಿವಿಗೆ ಅದೇ ಬೈಗುಳ!

ಇದರ ಒಳಗುಟ್ಟು ಹೀಗಿದೆ. ಶತ್ರುಸೈನ್ಯಕ್ಕೆಲ್ಲ ‘ಒಮೆಗಾ’ ಎಂಬ ಒಂದೇ ಮಿದುಳು. ಆಲ್ಫಾ ಸತ್ತೊಡನೆ ಒಮೆಗಾ ದಿನವನ್ನು ಹಿಂದಕ್ಕೆ ತಿರುಗಿಸುತ್ತದೆ. ಸೋತ ಕಾಳಗವನ್ನು ಪಾಠ ಕಲಿತು ಮತ್ತೆ ಹೂಡುತ್ತದೆ. ಕೆಟ್ಟ ಮೇಲೆ ಬಂದ ಬುದ್ಧಿಯನ್ನು ಬಳಸುವ ವಿದ್ಯೆ ನಿಜಕ್ಕೂ ಶತ್ರುವಿನದು. ಕೇಜ್ ಅದನ್ನು ತನಗರಿವಿಲ್ಲದೆ ಕದ್ದವನು. ಅವನಿಗಿಂತ ಮೊದಲೇ ಅದನ್ನು ಪಡೆದು ಕಳೆದುಕೊಂಡವಳು ರೀಟಾ (ಎಮಿಲಿ ಬ್ಲಂಟ್) ಎಂಬ ವೀರಯೋಧೆ. ಗಾಯಗೊಂಡಾಗ ಅವಳಿಗೆ ಬೇರೆಯವರ ರಕ್ತ ಕೊಟ್ಟರು, ಶಕ್ತಿ ಹೋಯಿತು. ಆದ್ದರಿಂದಲೇ ಕೇಜ್ ತರಬೇತಿಯಲ್ಲಿ ಕೈಕಾಲು ಮುರಿದುಕೊಂಡರೆ ಅವಳು ಮುಲಾಜಿಲ್ಲದೆ ಗುಂಡು ಹೊಡೆಯುತ್ತಾಳೆ. ಸತ್ತರೆ ದಿನ ಮರಳುತ್ತದೆ. ಬದುಕಿ ಚಿಕಿತ್ಸೆ ಪಡೆದರೆ ಆಟ ಮುಗಿಯುತ್ತದೆ. ಲೋಕದ ನ್ಯಾಯವೇ ಇಲ್ಲಿ ತಲೆಕೆಳಗು.

ಪ್ರೇಕ್ಷಕರು ನಕ್ಕು ಈ ನಿಯಮವನ್ನು ಒಪ್ಪುತ್ತಾರೆ. ಆದರೆ ನಗುವಿನ ಹಿಂದೆಯೇ ಒಂದು ಗಹನವಾದ ಪ್ರಶ್ನೆ ಬರುತ್ತದೆ: ಎಷ್ಟು ಸಲ ಬೇಕಾದರೂ ಸಾಯಬಲ್ಲವನಿಗೆ ಧೈರ್ಯವೆಂಬುದುಂಟೆ? ಅವನದು ಅಭ್ಯಾಸಬಲ, ಅಷ್ಟೆ. ಯಾವ ಹೆಜ್ಜೆಯಲ್ಲಿ ಗುಂಡು ಬರುತ್ತದೆಂದು ಬಾಯಿಪಾಠ ಮಾಡಿದವನನ್ನು ಶೂರನೆನ್ನಲಾಗದು. ಮೇಲಾಗಿ, ನೆನಪು ಒಬ್ಬನಲ್ಲೇ ಉಳಿಯುವುದು ಶಿಕ್ಷೆಯೂ ಹೌದು. ರೀಟಾಳ ಕಾಫಿಗೆ ಎಷ್ಟು ಸಕ್ಕರೆ ಬೇಕೆಂದು ಕೇಜ್ ಬಲ್ಲ; ಅವಳಿಗಾದರೋ ಅವನು ಅಂದೇ ಕಂಡ ಅಪರಿಚಿತ. ಅವಳು ಮತ್ತೆ ಮತ್ತೆ ಸಾಯುವುದನ್ನು ಕಂಡ ಭಾರವನ್ನು ಅವನು ಯಾರೊಡನೆ ಹಂಚಿಕೊಳ್ಳಬೇಕು?

ಕಥೆ ನಿಜವಾಗಿ ಮೇಲೇಳುವುದು ಕೇಜನಿಗೂ ಬೇರೆ ರಕ್ತ ಬಿದ್ದು ಶಕ್ತಿ ಹೋದಾಗ. ಒಮೆಗಾ ಅಡಗಿರುವುದು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದ ಅಡಿಯಲ್ಲಿ. ಈಗ ಸತ್ತರೆ ಸತ್ತಂತೆಯೇ. ಮೊದಲು ಯುದ್ಧಕ್ಕೆ ಹೆದರಿ ಓಡಿದ ಅದೇ ಮನುಷ್ಯ, ಇರುವ ಒಂದೇ ಪ್ರಾಣವನ್ನು ಕೈಯಲ್ಲಿ ಹಿಡಿದು ಹೊರಡುತ್ತಾನೆ. ಧೈರ್ಯದ ಪರೀಕ್ಷೆ ಈಗ ಆರಂಭ.

ಲೆಕ್ಕ ತಪ್ಪುವುದು ಕೊನೆಯಲ್ಲಿ. ಸಾಯುತ್ತಿರುವ ಕೇಜನಿಗೆ ಒಮೆಗಾದ ರಕ್ತ ತಾಗಿ ದಿನ ಮತ್ತೆ ಮರಳುತ್ತದೆ. ಈ ಸಲ ಅವನು ಎಂದಿಗಿಂತ ಮುಂಚೆಯೇ ಎಚ್ಚರಗೊಳ್ಳುತ್ತಾನೆ. ಹಿಂದಿನ ದಿನಕ್ಕೆ ಹೋದ ಮೇಲೆ ಒಮೆಗಾ ಬದುಕಿರಬೇಕಲ್ಲವೆ? ಇಲ್ಲ, ಸತ್ತೇ ಇದೆ! ಮೂಲ ಮಿದುಳಿನ ರಕ್ತವಾದ್ದರಿಂದ ಹೆಚ್ಚು ಹಿಂದಕ್ಕೆ ಸರಿಯಿತೆಂದು ಸಮರ್ಥಿಸಬಹುದು. ಸತ್ತದ್ದು ಸತ್ತೇ ಉಳಿದದ್ದಕ್ಕೆ ಚಿತ್ರ ಕಾರಣ ಕೊಡುವುದಿಲ್ಲ.

ಮದರಾಸಿನ ನಮ್ಮ ಬಂಧುಗಳು ವೆಂಕಟ್ ಪ್ರಭು ಅವರ ‘ಮಾನಾಡು’ (2021) ಎಂಬ ತಮಿಳು ಚಿತ್ರವನ್ನು ನೋಡಿರಬಹುದು. ಅದರಲ್ಲಿ ನೆನಪು ನಾಯಕನೊಬ್ಬನ ಸೊತ್ತಲ್ಲ. ಎದುರಾಳಿ ಪೋಲೀಸ್ ಅಧಿಕಾರಿಗೂ ಅದು ದಕ್ಕುತ್ತದೆ. ಇಬ್ಬರೂ ಕಲಿಯುತ್ತಾ ಹೋದರೆ ಗೆಲುವು ಯಾರದು? ಎರಡನೆಯ ನಿಯಮವೊಂದನ್ನು ಬದಲಿಸಿದ್ದಕ್ಕೆ ಕಥೆಯೇ ಚದುರಂಗವಾಯಿತು.

ಮನೆಯಲ್ಲಿ ಬೆಳೆದ ಮಕ್ಕಳಿದ್ದರೆ ಜೊತೆಯಲ್ಲಿ ಕೂತು ಈ ಚಿತ್ರಗಳನ್ನು ನೋಡಿ, ಮೇಲಿನ ಮೂರು ಪ್ರಶ್ನೆಗಳನ್ನು ಅವರಿಗೆ ಹಾಕಿ. ಕೇಜನ ಕಥೆಯ ಕೊನೆಯ ತಪ್ಪನ್ನು ಅವರು ಹಿಡಿದೇ ಹಿಡಿಯುತ್ತಾರೆ. ಆಗ ನಾಲ್ಕನೆಯದೊಂದನ್ನು ಕೇಳಿ: ಕೇಜ್ ದೊಡ್ಡವನಾದದ್ದು ನೂರು ಸಲ ಸತ್ತದ್ದರಿಂದಲೋ, ಇನ್ನೊಂದು ಸಲ ಇಲ್ಲವೆಂದು ತಿಳಿದೂ ಹೊರಟದ್ದರಿಂದಲೋ? ಊಟದ ಹೊತ್ತು ಮೀರಿದರೂ ಚರ್ಚೆ ಮುಗಿಯಲಾರದು.