ಗಾಜಿನ ಅಂಚಿನ ರಬ್ಬರು, ತಂತಿಯ ತುದಿಯ ಯಂತ್ರ

ಪೇಟೆಂಟು ಎಂಬ ಶಬ್ದವು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ಹೊಳೆಯುವುದು ಉಗಿಯಂತ್ರ, ವಿದ್ಯುದ್ದೀಪ, ದೂರವಾಣಿ ಮೊದಲಾದ ಮಹಾ ಕಲ್ಪನೆಗಳೇ ಹೊರತು ದಿನವೂ ಕೈಗೆ ತಗಲುವ ಸಣ್ಣ ವಸ್ತುಗಳಲ್ಲ. ಆದರೆ ಪೇಟೆಂಟು ಕಚೇರಿಗಳ ದಫ್ತರಗಳನ್ನು ತೆರೆದು ನೋಡುವವರಿಗೆ ಕಾಣುವ ಲೋಕವೇ ಬೇರೆ. ಮೋಟಾರು ಗಾಡಿಯ ಕಿಟಕಿಯ ಗಾಜಿಗೂ ಬಾಗಿಲಿನ ತಗಡಿಗೂ ನಡುವೆ ಇರುವ ಬೆರಳಗಲದ ರಬ್ಬರು ಪಟ್ಟಿಯ ವಿಷಯವಾಗಿಯೂ, ಒಂದು ಕಂಪ್ಯೂಟರನ್ನು ಇನ್ನೊಂದಕ್ಕೆ ಕೂಡಿಸುವ ತಂತಿಯ ತುದಿಯಲ್ಲಿ ಕುಳಿತಿರುವ ಸಣ್ಣ ಫಲಕದ ವಿಷಯವಾಗಿಯೂ ಅಲ್ಲಿ ರಾಶಿ ರಾಶಿ ಹಕ್ಕುಪತ್ರಗಳಿವೆ. ಇವೆರಡಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಎರಡೂ ಸಂಧಿಸ್ಥಾನದ ಕೆಲಸಗಾರರು. ಎರಡೂ ಕೆಟ್ಟಾಗ ಮಾತ್ರ ಯಜಮಾನನ ನೆನಪಿಗೆ ಬರತಕ್ಕವು. ಅಷ್ಟೇ ಅಲ್ಲದೆ, ಒಂದು ಹೊಸ ಕಲ್ಪನೆಯು ಲೋಕದಲ್ಲಿ ಹರಡುವುದೂ ಮೂಲೆಗುಂಪಾಗುವುದೂ ಅದರ ಗುಣದಿಂದ ಎಷ್ಟೋ, ಹಕ್ಕುದಾರನು ತನ್ನ ಹಕ್ಕನ್ನು ನಡೆಸಿಕೊಂಡ ರೀತಿಯಿಂದಲೂ ಅಷ್ಟೇ ಎಂಬುದು ಈ ಎರಡು ಕಥೆಗಳಲ್ಲಿ ಸ್ಪಷ್ಟವಾಗಿ ತೋರುತ್ತದೆ.

ಮೊದಲು ರಬ್ಬರಿನ ಸಂಗತಿ. ಗಾಡಿಯ ಕಿಟಕಿಯ ಪಟ್ಟಿಯಿಂದ ನಾವು ಬಯಸುವುದು ಒಂದಕ್ಕೊಂದು ವಿರುದ್ಧವಾದ ಗುಣಗಳನ್ನು. ಮಳೆ, ಧೂಳು, ಗಾಳಿಯ ಸದ್ದು ಒಳಗೆ ನುಗ್ಗದಂತೆ ಅದು ಗಾಜನ್ನು ಬಿಗಿಯಾಗಿ ಹಿಡಿಯಬೇಕು. ಗಾಜನ್ನು ಇಳಿಸಿ ಏರಿಸುವಾಗ ಸಲೀಸಾಗಿ ಬಿಡಬೇಕು. ಹಿಡಿತ ಹೆಚ್ಚಾದರೆ ಗಾಜನ್ನೆತ್ತುವ ವಿದ್ಯುತ್ ಮೋಟಾರು ಏದುತ್ತದೆ. ಕಡಿಮೆಯಾದರೆ ವೇಗ ಏರಿದಂತೆಲ್ಲ ಕಿಟಕಿಯು ಸಿಳ್ಳು ಹಾಕತೊಡಗುತ್ತದೆ. ಆದಕಾರಣ ಗಾಜು ಜಾರುವ ಕಾಲುವೆಯ ಒಳಮೈಗೆ ಮಖಮಲ್ಲಿನಂತಹ ಗಿಡ್ಡ ನಾರುಗಳನ್ನು ಅಂಟಿಸುತ್ತಾರೆ. ಗಾಜಿನ ಎರಡು ಮೈಗಳನ್ನೂ ಒರಸುವಂತೆ ತೆಳುವಾದ ನಾಲಗೆಗಳನ್ನು ಬಿಡುತ್ತಾರೆ. ಬಾಗಿಲಿನ ಚೌಕಟ್ಟನ್ನು ಸುತ್ತುವ ಪಟ್ಟಿಯನ್ನಾದರೋ ಟೊಳ್ಳು ಕೊಳವೆಯಂತೆ, ಸ್ಪಂಜಿನಂತೆ ಮೆತ್ತಗೆ ಮಾಡಿ, ಬಾಗಿಲು ಮುಚ್ಚಿದಾಗ ಅದು ಅಮುಕಿಕೊಂಡು ಸಂದನ್ನು ತುಂಬುವಂತೆ ಏರ್ಪಡಿಸುತ್ತಾರೆ. ಗಟ್ಟಿ ರಬ್ಬರನ್ನೂ ಸ್ಪಂಜು ರಬ್ಬರನ್ನೂ ಒಂದೇ ಅಚ್ಚಿನ ಬಾಯಿಂದ ಏಕಕಾಲದಲ್ಲಿ ಹೊರಡಿಸಿ ಒಂದೇ ಪಟ್ಟಿಯನ್ನಾಗಿ ಮಾಡುವುದೂ ಉಂಟು. ಪಟ್ಟಿಯು ಮೂಲೆಯಲ್ಲಿ ತಿರುಗುವ ಎಡೆಯೇ ಎಲ್ಲಕ್ಕಿಂತ ಕಠಿನ. ನಾಲಗೆಯ ಓರೆ ಎಷ್ಟಿರಬೇಕು, ಮೂಲೆಯ ಕೂಡುವಿಕೆ ಹೇಗಿರಬೇಕು ಎಂಬ ಇಂತಹ ಅಂಶಗಳಿಗೂ ಬೇರೆಬೇರೆ ಪೇಟೆಂಟುಗಳುಂಟೆಂದರೆ ಯಾರೂ ನಗಬೇಕಾದುದಿಲ್ಲ.

ವಸ್ತುವಿನ ವಿಷಯವೂ ಹಾಗೆಯೇ. ಮರದ ಹಾಲಿನಿಂದ ಬರುವ ರಬ್ಬರಿನ ಅಣುಸರಪಳಿಯಲ್ಲಿ ಜೋಡಿಬಂಧಗಳಿರುವುದರಿಂದ, ವಾಯುವಿನಲ್ಲಿರುವ ಓಝೋನು ಆ ದುರ್ಬಲ ಸ್ಥಾನಗಳನ್ನು ಹಿಡಿದು ಕಡಿಯುತ್ತದೆ. ಬಿಸಿಲಿಗೆ ನಿಂತ ಪಟ್ಟಿಯು ಬಿರುಕು ಬಿಡುತ್ತದೆ. 1960ರ ದಶಕದಿಂದ ಬಳಕೆಗೆ ಬಂದ, ಎಥಿಲೀನ್, ಪ್ರೊಪಿಲೀನ್ ಮತ್ತು ಡೈಯೀನ್ ಎಂಬ ಮೂರರಿಂದ ಮಾಡಿದ ಕೃತಕ ರಬ್ಬರಿನ ಮುಖ್ಯ ಸರಪಳಿಯಲ್ಲಿ ಆ ದೋಷವಿಲ್ಲ. ಇಂದಿನ ಗಾಡಿಗಳ ಪಟ್ಟಿಗಳು ಬಹುಪಾಲು ಅದರವೇ. ಕಿಟಕಿಯ ರಬ್ಬರು ಗಾಡಿಯನ್ನು ಬಿಟ್ಟು ಕಟ್ಟಡವನ್ನೂ ಸೇರಿದೆಯೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ಅಮೇರಿಕಾ ದೇಶದ ವಾರನ್ ಎಂಬಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯವರು 1950ರ ದಶಕದಲ್ಲಿ ಪೂರೈಸಿದ ತಾಂತ್ರಿಕ ಕೇಂದ್ರದಲ್ಲಿ, ಶಿಲ್ಪಿ ಈರೋ ಸಾರಿನೆನ್ ಅವರು ಗಾಡಿಯ ಮುಂಗಾಜನ್ನು ಹಿಡಿಯುವ ರಬ್ಬರಿನ ಮಾದರಿಯನ್ನೇ ಹಿಡಿದು ಕಟ್ಟಡದ ಗಾಜುಗಳನ್ನು ಕೂಡಿಸಿದರು.

ಇಷ್ಟೆಲ್ಲಕ್ಕೂ ಮೂಲಪುರುಷನು ಚಾರ್ಲ್ಸ್ ಗುಡ್‌ಇಯರ್. ಆತನಿಗೆ ಮೊದಲು ರಬ್ಬರು ಬೇಸಗೆಯಲ್ಲಿ ಅಂಟಾಗಿ, ಚಳಿಯಲ್ಲಿ ಕಲ್ಲಾಗಿ ಯಾವ ಸ್ಥಿರ ಉಪಯೋಗಕ್ಕೂ ಬಾರದ ಪದಾರ್ಥವಾಗಿತ್ತು. ಗಂಧಕವನ್ನು ಬೆರೆಸಿ ಕಾಯಿಸಿದರೆ ಅದು ಸ್ಥಿರವಾಗುತ್ತದೆಂಬುದನ್ನು ಆತನು 1839ರಲ್ಲಿ ಕಂಡುಕೊಂಡು, 1844ನೆಯ ಇಸವಿ ಜೂನ್ 15ರಂದು ಅಮೇರಿಕಾದಲ್ಲಿ 3,633ನೆಯ ಸಂಖ್ಯೆಯ ಪೇಟೆಂಟನ್ನು ಪಡೆದನು. ಅಷ್ಟರಲ್ಲಿ ಆತನ ಮಾದರಿಗಳು ಇಂಗ್ಲೆಂಡಿಗೆ ಹೋಗಿ ಥಾಮಸ್ ಹ್ಯಾನ್‌ಕಾಕ್ ಎಂಬಾತನ ಕೈಸೇರಿದ್ದವು. ಹ್ಯಾನ್‌ಕಾಕನು ಅಲ್ಲಿ ಮೊದಲೇ ಅರ್ಜಿ ಹಾಕಿ ಆ ದೇಶದ ಹಕ್ಕನ್ನು ತನ್ನದಾಗಿಸಿಕೊಂಡನು. ಸ್ವದೇಶದಲ್ಲಿಯೂ ಕದ್ದು ಮಾಡುವವರ ಕಾಟ ತಪ್ಪಲಿಲ್ಲ. 1852ರಲ್ಲಿ ನಡೆದ ವ್ಯಾಜ್ಯದಲ್ಲಿ ಗುಡ್‌ಇಯರನ ಪಕ್ಷವಾಗಿ ವಾದಿಸಿದವರು ಆಗ ರಾಜ್ಯಕಾರ್ಯದರ್ಶಿಯಾಗಿದ್ದ ಡೇನಿಯಲ್ ವೆಬ್‌ಸ್ಟರ್. ಗೆಲುವೇನೋ ದೊರೆಯಿತು, ಸಂಪತ್ತು ದೊರೆಯಲಿಲ್ಲ. 1860ರಲ್ಲಿ ಆತನು ಕಾಲವಾದಾಗ ಉಳಿದಿದ್ದುದು ಸುಮಾರು ಎರಡು ಲಕ್ಷ ಡಾಲರುಗಳ ಸಾಲ. ಆತನ ಹೆಸರನ್ನು ಹೊತ್ತ ಪ್ರಸಿದ್ಧ ಟೈರು ಕಂಪೆನಿಯು ಹುಟ್ಟಿದುದು 1898ರಲ್ಲಿ. ಅದಕ್ಕೂ ಆತನಿಗೂ ಆತನ ಕುಟುಂಬಕ್ಕೂ ಯಾವ ಸಂಬಂಧವೂ ಇಲ್ಲ. ಹಕ್ಕುಪತ್ರವು ಕೈಯಲ್ಲಿದ್ದ ಮಾತ್ರಕ್ಕೆ ಅನ್ನ ಹುಟ್ಟುವುದೆಂದು ಬಗೆಯುವವರು ಈ ಚರಿತ್ರೆಯನ್ನು ಒಮ್ಮೆ ಓದುವುದು ಒಳ್ಳೆಯದು.

ಇನ್ನು ತಂತಿಯ ಕಥೆ. 1973ನೆಯ ಇಸವಿ ಮೇ ತಿಂಗಳಿನಲ್ಲಿ, ನಮ್ಮ ಊರುಗಳ ನಕಲು ಅಂಗಡಿಗಳಿಗೆಲ್ಲ ತನ್ನ ಹೆಸರನ್ನು ಕೊಟ್ಟಿರುವ ಝೆರಾಕ್ಸ್ ಕಂಪೆನಿಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ, ರಾಬರ್ಟ್ ಮೆಟ್‌ಕಾಫ್ ಎಂಬ ತರುಣರು ಒಂದು ಟಿಪ್ಪಣಿಯನ್ನು ಬರೆದರು. ಅನೇಕ ಕಂಪ್ಯೂಟರುಗಳು ಒಂದೇ ತಂತಿಯನ್ನು ಹಂಚಿಕೊಂಡು ಮಾತನಾಡುವ ಬಗೆ ಹೇಗೆಂಬುದೇ ಅದರ ವಿಷಯ. ಅಧ್ಯಕ್ಷನಿಲ್ಲದ ಸಭೆಯೊಂದನ್ನು ವಾಚಕರು ಊಹಿಸಿಕೊಳ್ಳಲಿ. ಮಾತನಾಡಬೇಕೆಂಬವನು ಮೊದಲು ಕಿವಿಗೊಟ್ಟು ಕೇಳಬೇಕು. ಯಾರೂ ಮಾತನಾಡದಿದ್ದರೆ ಆರಂಭಿಸಬೇಕು. ಇಬ್ಬರು ಒಟ್ಟಿಗೆ ಬಾಯ್ತೆರೆದರೆಂದು ತಿಳಿದೊಡನೆ ಇಬ್ಬರೂ ನಿಲ್ಲಿಸಿ, ತಮತಮಗೆ ತೋರಿದಷ್ಟು ಹೊತ್ತು ಕಾದು, ಮತ್ತೆ ಯತ್ನಿಸಬೇಕು. ಇದಿಷ್ಟೇ ಈಥರ್‌ನೆಟ್ ಎಂಬುದರ ಮೂಲಸೂತ್ರ. ನಮ್ಮ ಶಾಸನಸಭೆಗಳ ಸದಸ್ಯರಿಗೂ ಇದನ್ನು ಕಲಿಸಬಹುದಾಗಿತ್ತೆಂದು ನಮಗೆ ಆಗಾಗ್ಗೆ ಅನಿಸುವುದುಂಟು. ಮೆಟ್‌ಕಾಫ್, ಡೇವಿಡ್ ಬಾಗ್ಸ್, ಚಾರ್ಲ್ಸ್ ಥ್ಯಾಕರ್, ಬಟ್ಲರ್ ಲ್ಯಾಂಪ್ಸನ್ ಈ ನಾಲ್ವರ ಹೆಸರಿನಲ್ಲಿ 1977ನೆಯ ಇಸವಿ ಡಿಸೆಂಬರ್ 13ರಂದು 4,063,220ನೆಯ ಪೇಟೆಂಟು ಮಂಜೂರಾಯಿತು. ಒಡೆತನವು ಝೆರಾಕ್ಸ್ ಕಂಪೆನಿಯದಾಗಿತ್ತು.

ಮುಂದೆ ನಡೆದುದೇ ಗಮನಿಸತಕ್ಕದ್ದು. ಕಂಪೆನಿಯವರು ಈ ಹಕ್ಕನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. 1980ರಲ್ಲಿ ಡಿಜಿಟಲ್ ಮತ್ತು ಇಂಟೆಲ್ ಕಂಪೆನಿಗಳೊಡನೆ ಸೇರಿ ಇಡೀ ವಿವರವನ್ನು ಪ್ರಕಟಿಸಿದರು; ಒಂದೇ ಸಲಕ್ಕೆ 1,000 ಡಾಲರು ಕೊಟ್ಟವರಿಗೆಲ್ಲ ಯಂತ್ರವನ್ನು ತಯಾರಿಸುವ ಅನುಮತಿಯನ್ನಿತ್ತರು. 1983ರಲ್ಲಿ ಅದು ಸಾರ್ವತ್ರಿಕ ಮಾನಕವಾಗಿ ಅಂಗೀಕೃತವಾಯಿತು. ಇದಕ್ಕೆ ಪ್ರತಿಸ್ಪರ್ಧಿಯಾಗಿ ಬಂದುದು ಟೋಕನ್ ರಿಂಗ್ ಎಂಬ ಏರ್ಪಾಡು. ಅದರಲ್ಲಿ ಮಾತಿನ ಸರದಿಯನ್ನು ಸೂಚಿಸುವ ಮುದ್ರೆಯೊಂದು ಯಂತ್ರದಿಂದ ಯಂತ್ರಕ್ಕೆ ಸುತ್ತುತ್ತಿರುತ್ತದೆ. ಮುದ್ರೆ ಕೈಗೆ ಬಂದವನೇ ಮಾತನಾಡತಕ್ಕದ್ದು. ಶಿಸ್ತಿನಲ್ಲಿ ಇದೇ ಮೇಲೆಂದು ವಾದಿಸಿದ ಪಂಡಿತರು ಕಡಿಮೆಯಿರಲಿಲ್ಲ. 1985ರಲ್ಲಿ ಐಬಿಎಂನಂತಹ ದೈತ್ಯ ಕಂಪೆನಿಯೇ ಇದರ ಬೆನ್ನಿಗೆ ನಿಂತಿತು. ಆದರೆ ಸ್ವೀಡನ್ ದೇಶದ ಓಲಾಫ್ ಸೋಡರ್‌ಬ್ಲೋಮ್ ಎಂಬವರು ಮೂಲ ಕಲ್ಪನೆಯ ಪೇಟೆಂಟು ತಮ್ಮದೆಂದು ತಯಾರಕರಿಂದ ರಾಜಧನವನ್ನು ಕೇಳಿದರು. ಕೇಳುವುದು ಅವರ ನ್ಯಾಯಸಮ್ಮತವಾದ ಹಕ್ಕು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಫಲಿತಾಂಶವೇನೆಂದರೆ, ಟೋಕನ್ ರಿಂಗಿನ ಫಲಕವು ದುಬಾರಿಯಾಗಿಯೇ ಉಳಿಯಿತು, ಈಥರ್‌ನೆಟ್ಟಿನ ಫಲಕವನ್ನು ಹತ್ತಾರು ಮಂದಿ ತಯಾರಕರು ಪೈಪೋಟಿಯಿಂದ ಅಗ್ಗಗೊಳಿಸಿದರು. 1990ರಲ್ಲಿ ಸಾಮಾನ್ಯ ದೂರವಾಣಿಯ ಹೆಣೆದ ತಂತಿಯ ಮೇಲೆಯೇ ಈಥರ್‌ನೆಟ್ಟನ್ನು ನಡೆಸುವ ಮಾನಕವೂ ಬಂದ ಮೇಲೆ ಸ್ಪರ್ಧೆಯು ಮುಗಿದಂತೆಯೇ ಆಯಿತು. ರಾಜಧನವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಅದು ಸಣ್ಣ ಕಾರಣವೂ ಅಲ್ಲ. ಈಗಿನ ಏರ್ಪಾಡಿನಲ್ಲಿ ಪ್ರತಿ ಕಂಪ್ಯೂಟರಿಗೂ ಪ್ರತ್ಯೇಕ ತಂತಿಯೂ ನಡುವೆ ಸ್ವಿಚ್ಚು ಎಂಬ ವಿಂಗಡಣೆಯ ಪೆಟ್ಟಿಗೆಯೂ ಇರುವುದರಿಂದ ಮಾತಿಗೆ ಮಾತು ಡಿಕ್ಕಿ ಹೊಡೆಯುವ ಪ್ರಸಂಗವೇ ಬಹುಮಟ್ಟಿಗೆ ಇಲ್ಲವಾಗಿದೆ. ಹೆಸರೂ ಸಂದೇಶವನ್ನು ಕಟ್ಟುವ ಕ್ರಮವೂ ಉಳಿದಿವೆ. ಮೆಟ್‌ಕಾಫ್ ಅವರಿಗೆ 2022ರ ಸಾಲಿನ ಟ್ಯೂರಿಂಗ್ ಪ್ರಶಸ್ತಿಯೂ ಬಂದಿತು.

ಹಾಗಾದರೆ ಹಕ್ಕನ್ನು ಅಗ್ಗಕ್ಕೆ ಬಿಡುವುದೇ ಸದಾ ಲೇಸೆಂದು ತಿಳಿಯಕೂಡದು. ಆಸ್ಟ್ರೇಲಿಯ ಸರಕಾರದ ಸಂಶೋಧನ ಸಂಸ್ಥೆಯ ಜಾನ್ ಓ'ಸಲಿವನ್ ಮತ್ತು ಅವರ ಸಂಗಡಿಗರು, ಕೋಣೆಯ ಗೋಡೆಗಳಿಗೆ ತಾಗಿ ಮರಳುವ ರೇಡಿಯೋ ಪ್ರತಿಧ್ವನಿಗಳ ನಡುವೆಯೂ ಸಂದೇಶವನ್ನು ಕೆಡದಂತೆ ಕಳುಹಿಸುವ ಉಪಾಯವನ್ನು ಕಂಡುಹಿಡಿದು, 1996ರಲ್ಲಿ ಅಮೇರಿಕಾದ ಪೇಟೆಂಟು ಪಡೆದರು. ತಂತಿಯಿಲ್ಲದ ಜಾಲದ ಯಂತ್ರಗಳಲ್ಲಿ ಅದು ಹೊಕ್ಕಿತು; ದೊಡ್ಡ ಕಂಪೆನಿಗಳು ಹಣ ಕೊಡಲೊಲ್ಲದೆ ಹೋದಾಗ ಸಂಸ್ಥೆಯವರು ನ್ಯಾಯಾಲಯದ ಮೆಟ್ಟಲು ಹತ್ತಿದರು. 2012ರ ವೇಳೆಗೆ ಅವರ ಕೈಸೇರಿದ ಮೊಬಲಗು ಆಸ್ಟ್ರೇಲಿಯದ 43 ಕೋಟಿ ಡಾಲರುಗಳಷ್ಟು. ಪ್ರಜೆಗಳ ತೆರಿಗೆಯಿಂದ ನಡೆದ ಸಂಶೋಧನೆಗೆ ಪ್ರಜೆಗಳಿಗೇ ಪ್ರತಿಫಲ ಬಂದುದು ನಮಗೆ ಸಂತೋಷವನ್ನುಂಟುಮಾಡುತ್ತದೆ.

ಈಗ ನಮ್ಮ ದೇಶದ ಸ್ಥಿತಿ. ಭಾರತದಲ್ಲಿ ಪೇಟೆಂಟಿನ ಕಾನೂನು 1856ರಷ್ಟು ಹಳೆಯದು. ಆ ವರ್ಷ ಬಂದ ಮೊತ್ತಮೊದಲ ಅರ್ಜಿಯು ಕಲ್ಕತ್ತೆಯ ಡಿಪೆನ್ನಿಂಗ್ ಎಂಬವರದು, ಪಂಖ ಎಳೆಯುವ ಯಂತ್ರಕ್ಕಾಗಿ. ಗಾಳಿಯನ್ನು ಬರಿಸುವುದಕ್ಕೂ ಹಕ್ಕುಪತ್ರ, ತಡೆಯುವುದಕ್ಕೂ ಹಕ್ಕುಪತ್ರ! ಈಗ ನಡೆಯುತ್ತಿರುವುದು 1970ರ ಅಧಿನಿಯಮ, ನಂತರದ ತಿದ್ದುಪಡಿಗಳೊಂದಿಗೆ. ಹಕ್ಕಿನ ಅವಧಿ 20 ವರ್ಷ. ಬರಿಯ ಕಂಪ್ಯೂಟರ್ ಕ್ರಮವಿಧಿಗೆ ಪೇಟೆಂಟಿಲ್ಲ. ಪೇಟೆಂಟೆಂಬುದು ಸರಕಾರವೂ ಕಲ್ಪಕನೂ ಮಾಡಿಕೊಳ್ಳುವ ಕರಾರು: ಕಲ್ಪಕನು ತನ್ನ ರಹಸ್ಯವನ್ನು ಬಲ್ಲವನೊಬ್ಬನು ಓದಿ ಮಾಡಬಲ್ಲಷ್ಟು ವಿವರವಾಗಿ ಬರೆದುಕೊಡಬೇಕು, ಅದಕ್ಕೆ ಪ್ರತಿಯಾಗಿ ಸರಕಾರವು ನಿಯತಕಾಲದ ಏಕಸ್ವಾಮ್ಯವನ್ನು ಕೊಡುತ್ತದೆ. ಅವಧಿ ತೀರಿದ ಮೇಲೆ ಆ ವಿದ್ಯೆಯು ಸರ್ವರ ಸೊತ್ತು. ಭಾರತದಲ್ಲಿ ಪಡೆಯದ ವಿದೇಶೀ ಪೇಟೆಂಟಿಗೆ ಭಾರತದ ಎಲ್ಲೆಯೊಳಗೆ ಬಲವೂ ಇಲ್ಲ. ಅದು ಜೀವಂತವಾಗಿರುವ ದೇಶಕ್ಕೆ ಸರಕನ್ನು ಕಳುಹಿಸುವಾಗ ಮಾತ್ರ ಎಚ್ಚರದಿಂದಿರಬೇಕು. ಕರಾರಿನ ಮೊದಲರ್ಧವಾದ ಏಕಸ್ವಾಮ್ಯವನ್ನು ಕುರಿತು ನಮ್ಮವರು ಬೇಕಾದಷ್ಟು ಕೂಗಾಡಿದ್ದಾರೆ. ಎರಡನೆಯ ಅರ್ಧವನ್ನು, ಎಂದರೆ ಬರೆದಿಟ್ಟ ವಿದ್ಯೆಯನ್ನು ಓದಿ ಉಪಯೋಗಿಸುವುದನ್ನು, ಬಹುಮಟ್ಟಿಗೆ ಮರೆತಿದ್ದಾರೆ.

ಮರೆಯುವುದಕ್ಕೆ ಕಾರಣವೂ ಇದೆ. 2003ರ ನಿಯಮಗಳ ಪ್ರಕಾರ ಪೇಟೆಂಟು ಕಚೇರಿಗೆ ಸಲ್ಲಿಸುವ ಪತ್ರಗಳು ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಇರತಕ್ಕದ್ದು. ಕರ್ಣಾಟಕದವರು ಅರ್ಜಿ ಹಾಕಬೇಕಾದುದು ಚೆನ್ನೈಯ ಕಚೇರಿಗೆ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ರಬ್ಬರಿನ ಅಚ್ಚಿನ ಮುಂದೆ ಇಪ್ಪತ್ತು ವರ್ಷ ನಿಂತ ಕೆಲಸಗಾರನು ಮೂಲೆಯ ಸೋರಿಕೆಗೆ ಹೊಸ ಉಪಾಯವನ್ನು ಕಂಡುಕೊಂಡರೂ, ಅದನ್ನು ತನ್ನ ಭಾಷೆಯಲ್ಲಿ ಬರೆದು ಸಲ್ಲಿಸಲಾರ. ಅದೇ ಸೋರಿಕೆಗೆ ಬೇರೆ ದೇಶದಲ್ಲಿ ಎಂದೋ ಕಂಡುಹಿಡಿದು ಅವಧಿ ತೀರಿರುವ ಉಪಾಯವನ್ನು ತನ್ನ ಭಾಷೆಯಲ್ಲಿ ಓದಲೂ ಆರ. ಇಷ್ಟರ ಮೇಲೆ ಅರ್ಜಿಗೆ ಮುಂಚೆಯೇ ಸರಕನ್ನು ಪೇಟೆಗೆ ಬಿಟ್ಟರೆ ಹೊಸತನವೇ ಹೋಯಿತೆಂಬ ನಿಯಮವನ್ನು ಆತನಿಗೆ ಯಾರೂ ತಿಳಿಸಿರುವುದಿಲ್ಲ.

ಸಲ್ಲಿಕೆಯ ಭಾಷೆಯನ್ನು ಬದಲಾಯಿಸುವುದು ಕೇಂದ್ರ ಸರಕಾರದ ಕೈಯಲ್ಲಿದೆ. ಅದಕ್ಕೆ ಕಾಲ ಹಿಡಿದೀತು. ಆದರೆ ಅವಧಿ ತೀರಿದ ಪೇಟೆಂಟುಗಳ ಸಾರಾಂಶಗಳನ್ನು ಕನ್ನಡಿಸುವುದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ರಾಜ್ಯದ ಕೈಗಾರಿಕಾ ಇಲಾಖೆಯೂ ಸೇರಿ, ರಬ್ಬರಿನ ಅಚ್ಚು, ತಂತಿಯ ಕೊಂಡಿ, ಸಣ್ಣ ಮೋಟಾರು ಇಂತಹ ಒಂದೊಂದು ವಿಭಾಗವನ್ನು ಆರಿಸಿಕೊಂಡು, ಚಿತ್ರಸಹಿತವಾಗಿ ಅಗ್ಗದ ಬೆಲೆಯ ಪುಸ್ತಿಕೆಗಳನ್ನು ಹೊರಡಿಸಬೇಕೆಂದೂ, ಅವುಗಳ ಪ್ರತಿಗಳನ್ನು ಪ್ರತಿಯೊಂದು ಕೈಗಾರಿಕಾ ತರಬೇತಿ ಶಾಲೆಗೂ ಕಳುಹಿಸಬೇಕೆಂದೂ ನಾವು ಸಲಹೆ ಮಾಡುತ್ತೇವೆ. ಮೊದಲ ಪುಸ್ತಿಕೆಯು ಕಿಟಕಿಯ ರಬ್ಬರಿನದಾದರೆ ಮಳೆಗಾಲದಲ್ಲಿ ಸರಕಾರೀ ಬಸ್ಸುಗಳಲ್ಲಿ ಕಿಟಕಿಯ ಪಕ್ಕ ಕೂರುವವರೂ ಕೃತಜ್ಞರಾಗಿರುವರು.