ವಸ್ತುವಿನ್ಯಾಸದ ಪದವಿ: ಮಕ್ಕಳು ಏನನ್ನು ಕಲಿತು ಹೊರಬರುತ್ತಾರೆ?

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಮುಂಬಯಿಯ ನಮ್ಮ ಮನೆಗಳ ಚರ್ಚೆ ಬಹುಮಟ್ಟಿಗೆ ಇಂಜಿನಿಯರಿಂಗ್, ವೈದ್ಯಕೀಯ, ಲೆಕ್ಕಪರಿಶೋಧನೆ ಎಂಬ ಮೂರು ದಾರಿಗಳಲ್ಲೇ ಸುತ್ತುತ್ತದೆ. ಈಚೆಗೆ ಮಕ್ಕಳೇ ನಾಲ್ಕನೆಯದೊಂದನ್ನು ಮುಂದಿಡುತ್ತಿದ್ದಾರೆ. ಅದು ಪ್ರಾಡಕ್ಟ್ ಡಿಸೈನ್, ಅಂದರೆ ವಸ್ತುವಿನ್ಯಾಸ. ‘ಚಿತ್ರ ಬಿಡಿಸುವುದನ್ನು ನಾಲ್ಕು ವರ್ಷ ಕಲಿಯಬೇಕೇ?’ ಎಂದು ಹಿರಿಯರು ಹುಬ್ಬೇರಿಸುವುದುಂಟು.

ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಪೊವಾಯಿಯ ಐ.ಐ.ಟಿ. ಆವರಣದಲ್ಲಿ 1969ರಿಂದ ಇರುವ ಐ.ಡಿ.ಸಿ. ಎಂಬ ವಿನ್ಯಾಸ ಶಾಲೆಯ ಪ್ರಾಧ್ಯಾಪಕರಾಗಿದ್ದ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಅವರು ನಮ್ಮ ವಿದ್ಯುನ್ಮಾನ ಮತಯಂತ್ರದ ವಿನ್ಯಾಸದಲ್ಲಿ ಪಾಲ್ಗೊಂಡವರು. ಅದನ್ನು ತಯಾರಿಸುವವರು ಬೆಂಗಳೂರಿನ ಬಿ.ಇ.ಎಲ್. ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ಆ ಯಂತ್ರವನ್ನು ಒಮ್ಮೆ ನೆನಪಿಸಿಕೊಳ್ಳಿರಿ. ಅಭ್ಯರ್ಥಿಯ ಹೆಸರು, ಚಿಹ್ನೆ, ಅದರ ಪಕ್ಕದಲ್ಲೇ ದೀಪ ಮತ್ತು ನೀಲಿ ಗುಂಡಿ. ಒತ್ತಿದೊಡನೆ ದೀಪ ಬೆಳಗುತ್ತದೆ, ಬೀಪ್ ಎಂಬ ಸದ್ದು ಕೇಳುತ್ತದೆ. ಅಕ್ಷರ ಬಾರದ ಅಜ್ಜಿಗೂ ತನ್ನ ಮತ ಬಿದ್ದಿತೆಂಬುದು ತಿಳಿಯುತ್ತದೆ. ಕರೆಂಟು ಇಲ್ಲದ ಊರಿನಲ್ಲೂ ನಡೆಯಲೆಂದು ಬ್ಯಾಟರಿ. ಇವೆಲ್ಲ ಅಲಂಕಾರವಲ್ಲ, ಬಳಸುವವರು ಯಾರು, ಎಲ್ಲಿ ಎಡವಿಯಾರು ಎಂದು ಯೋಚಿಸಿದ್ದರ ಫಲ.

ಪದವಿಯ ತಿರುಳೂ ಇದೇ. ವಿದ್ಯಾರ್ಥಿ ಮೊದಲು ಜನರನ್ನು ಗಮನಿಸಲು ಕಲಿಯುತ್ತಾನೆ. ಬಳಿಕ ಕೈಯಿಂದ ಚಿತ್ರಿಸುವುದು, ರಟ್ಟು, ಫೋಮ್, ಮಣ್ಣಿನಲ್ಲಿ ಮಾದರಿ ಮಾಡುವುದು, ಅದನ್ನು ಬಳಸಿ ನೋಡಿ ಕೆಡವಿ ಮತ್ತೆ ಕಟ್ಟುವುದು. ಮನುಷ್ಯನ ಅಂಗೈ, ಬೆನ್ನು, ಕಣ್ಣುಗಳ ಅಳತೆಯನ್ನು ಹೇಳುವ ಎರ್ಗೊನಾಮಿಕ್ಸ್ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ, ಕಾರ್ಖಾನೆಯಲ್ಲಿ ತಯಾರಾಗಬಲ್ಲದ್ದನ್ನೇ ಯೋಚಿಸುವ ಶಿಸ್ತು. ನಮ್ಮ ಇಡ್ಲಿ ತಟ್ಟೆಯ ಗುಳಿಗಳ ಬದಿ ನೆಟ್ಟಗೆ ನಿಂತಿದ್ದರೆ ಇಡ್ಲಿ ಇಡಿಯಾಗಿ ಮೇಲೇಳುತ್ತಿರಲಿಲ್ಲ. ಪ್ಲಾಸ್ಟಿಕ್ ಅಚ್ಚಿಗೂ ಅಂಥದೇ ಇಳಿಜಾರು ಬೇಕು. ಇದನ್ನರಿಯದವನು ಕಂಪ್ಯೂಟರಿನಲ್ಲಿ ಎಷ್ಟು ಚೆಲುವಾದ ಚಿತ್ರ ಮಾಡಿದರೂ ಅದು ಅಚ್ಚಿನಿಂದ ಹೊರಬರಲಾರದು.

ನಮ್ಮ ಬಳಗದ ಒಂದು ಕುಟುಂಬದ ಹುಡುಗ ದುಬಾರಿ ಶುಲ್ಕದ ಕಾಲೇಜೊಂದರಲ್ಲಿ ಓದಿ ಬಂದನು. ಕೈಯಲ್ಲಿ ಹೊಳೆಯುವ ಕಂಪ್ಯೂಟರ್ ಚಿತ್ರಗಳಿದ್ದವು. ತಾನೇ ಮಾಡಿ, ಯಾರಾದರೂ ಬಳಸಿ ನೋಡಿದ ಒಂದು ಮಾದರಿಯೂ ಇರಲಿಲ್ಲ. ಸಂದರ್ಶನಗಳಲ್ಲಿ ಅವನನ್ನು ಕೇಳಿದ್ದು ಅದನ್ನೇ. ಕೆಲಸಕ್ಕಾಗಿ ಒಂದು ವರ್ಷ ಅಲೆದನು. ಈ ಕ್ಷೇತ್ರದಲ್ಲಿ ಅಂಕಪಟ್ಟಿಗಿಂತ ಪೋರ್ಟ್‌ಫೋಲಿಯೋ, ಅಂದರೆ ಮಾಡಿದ ಕೆಲಸಗಳ ಸಂಪುಟ, ಹೆಚ್ಚು ತೂಗುತ್ತದೆ. ಆದ್ದರಿಂದ ಕಾಲೇಜು ನೋಡಲು ಹೋದಾಗ ‘ಅತಿ ಹೆಚ್ಚಿನ ಸಂಬಳ ಎಷ್ಟು?’ ಎಂದು ಕೇಳುವ ಬದಲು ಹಿಂದಿನ ವರ್ಷದ ಅಂತಿಮ ಪ್ರಾಜೆಕ್ಟುಗಳನ್ನು ತೋರಿಸಿರೆಂದು ಕೇಳುವುದು ಲೇಸೆಂಬುದು ನಮ್ಮ ಅನಿಸಿಕೆ. ವರ್ಕ್‌ಶಾಪಿನ ಯಂತ್ರಗಳ ಮೇಲೆ ಧೂಳು ಕುಳಿತಿದೆಯೇ ಎಂಬುದನ್ನೂ ನೋಡಿಕೊಳ್ಳಬಹುದು.

ಇನ್ನೊಂದು ಗೊಂದಲವುಂಟು. ಇಂದಿನ ಉದ್ಯೋಗ ಜಾಹೀರಾತುಗಳಲ್ಲಿ ‘ಪ್ರಾಡಕ್ಟ್ ಡಿಸೈನರ್’ ಎಂದರೆ ಅನೇಕ ವೇಳೆ ಮೊಬೈಲ್ ಆ್ಯಪ್‌ಗಳ ತೆರೆಯನ್ನು ರೂಪಿಸುವವರು. ಕುರ್ಚಿ, ಮಿಕ್ಸರ್, ವೈದ್ಯಕೀಯ ಉಪಕರಣ ಕಲಿತವರಲ್ಲಿ ಹಲವರು ಸಾಫ್ಟ್‌ವೇರ್ ಕಂಪನಿಗಳತ್ತ ಹೊರಳುತ್ತಾರೆ. ಅದು ಸೋಲಲ್ಲ, ಬಳಸುವವರನ್ನು ಗಮನಿಸುವ ವಿದ್ಯೆ ಅಲ್ಲಿಯೂ ಸಲ್ಲುತ್ತದೆ. ಆದರೆ ಮಗಳಿಗೆ ಮರ, ಲೋಹಗಳ ಮೇಲೆಯೇ ಮನಸ್ಸಿದ್ದರೆ ಈ ವ್ಯತ್ಯಾಸವನ್ನು ಮೊದಲೇ ಅರಿತಿರಬೇಕು.

ಐ.ಡಿ.ಸಿ.ಯಲ್ಲಿ ಪದವಿ ತರಗತಿ ಆರಂಭವಾದದ್ದು 2015ರಲ್ಲಿ. ಅಹಮದಾಬಾದಿನ ಎನ್.ಐ.ಡಿ. 1961ರಷ್ಟು ಹಳೆಯದು. ಇಂಜಿನಿಯರಿಂಗ್ ಮುಗಿಸಿದವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಡಿಸ್. ಇದೆ. ಐ.ಐ.ಟಿ.ಗಳ ಪದವಿ ಪ್ರವೇಶಕ್ಕಿರುವ ಯೂಸೀಡ್ ಪರೀಕ್ಷೆಯನ್ನು ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನು ಓದಿದವರೂ ಬರೆಯಬಹುದು. ಅದು ನಡೆಯುವುದು ಸಾಮಾನ್ಯವಾಗಿ ಜನವರಿಯಲ್ಲಿ, ಅರ್ಜಿ ಅದಕ್ಕೂ ಕೆಲವು ತಿಂಗಳು ಮೊದಲು. ಫಲಿತಾಂಶ ಬಂದ ಮೇಲೆ ಚರ್ಚೆಗೆ ಕುಳಿತರೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ.