ಜ್ಞಾನದಾಸೋಹದ ಮನೆ: ನಮ್ಮೂರ ಗ್ರಂಥಾಲಯ

ವರ್ಷಕ್ಕೊಮ್ಮೆ ಮನೆಕಂದಾಯ ಕಟ್ಟಿ, ರಸೀದಿಯನ್ನು ಮಡಿಚಿ ಪೆಟ್ಟಿಗೆಯಲ್ಲಿಡುವುದು ಗೃಹಸ್ಥರೆಲ್ಲರಿಗೂ ರೂಢಿಯಾದ ಸಂಗತಿ. ಆ ರಸೀದಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ವಿರಳ. ಓದಿದವರಿಗೆ ಅದರಲ್ಲಿ ‘ಗ್ರಂಥಾಲಯ ಕರ’ ಎಂಬ ಸಾಲೊಂದು ಕಾಣಸಿಗುತ್ತದೆ. ಕೆಲವೆಡೆ ಅದನ್ನು ಇತರ ಕರಗಳೊಡನೆ ಕೂಡಿಸಿ ಬರೆದಿರುವುದೂ ಉಂಟು. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ವಸೂಲಾಗುವ ಕರವದು. 2,000 ರೂಪಾಯಿ ತೆರಿಗೆ ತೆರುವ ಕುಟುಂಬವು 120 ರೂಪಾಯಿಗಳನ್ನು ತನ್ನೂರಿನ ಗ್ರಂಥಾಲಯಕ್ಕೆಂದು ಸಲ್ಲಿಸುತ್ತದೆ. ಹೀಗೆ ವರ್ಷ ವರ್ಷವೂ ಹಣ ತೆತ್ತು, ಒಮ್ಮೆಯೂ ಆ ಕಟ್ಟಡದ ಹೊಸ್ತಿಲು ತುಳಿಯದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅಂಗಡಿಯಲ್ಲಿ ಹಣ ಕೊಟ್ಟು ಸಾಮಾನನ್ನು ಅಲ್ಲಿಯೇ ಬಿಟ್ಟು ಬರುವ ಯಜಮಾನನನ್ನು ಮನೆಯವರು ಸುಮ್ಮನೆ ಬಿಟ್ಟಾರೆಯೇ?

ಈ ಕರಕ್ಕೆ ಆಧಾರವಾದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ. ಆಗಿನ್ನೂ ನಮ್ಮ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಇತ್ತು. ಓದು ಕೆಲವರ ಸೊತ್ತಲ್ಲ, ನೀರು ಬೀದಿದೀಪಗಳಂತೆ ಊರವರೆಲ್ಲರ ಹಕ್ಕು ಎಂಬ ತತ್ತ್ವವನ್ನು ನಮ್ಮ ದೇಶದಲ್ಲಿ ಬೇರೂರಿಸಿದವರಲ್ಲಿ ಅಗ್ರಗಣ್ಯರು ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಅಧ್ಯಯನಕ್ಕೆಂದು ಇಂಗ್ಲೆಂಡಿಗೆ ತೆರಳಿ, ಅಲ್ಲಿನ ಊರೂರುಗಳಲ್ಲಿ ಶ್ರಮಿಕರೂ ಮಕ್ಕಳೂ ಗ್ರಂಥಾಲಯಗಳನ್ನು ಬಳಸುತ್ತಿದ್ದ ಬಗೆಯನ್ನು ಕಣ್ಣಾರೆ ಕಂಡು ಬಂದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯವಿಷ್ಟೇ: ಪುಸ್ತಕವಿರುವುದು ಬಳಸುವುದಕ್ಕೆ, ಕಾಪಿಡುವುದಕ್ಕಲ್ಲ. ತಮ್ಮ ಉಳಿತಾಯದ 1 ಲಕ್ಷ ರೂಪಾಯಿಗಳನ್ನು ಗ್ರಂಥಾಲಯ ವಿಜ್ಞಾನದ ಪೀಠಕ್ಕೆಂದು ಧಾರೆಯೆರೆದ ಆ ಮಹನೀಯರು ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, 1972ರಲ್ಲಿ ಅಲ್ಲಿಯೇ ದೇಹವಿಟ್ಟರು.

ಕಾಪಿಡುವುದಕ್ಕಲ್ಲ ಎಂಬ ಮಾತು ನಮ್ಮ ಮನೆತನಗಳಿಗೆ ವಿಶೇಷವಾಗಿ ನಾಟಬೇಕಾದ ಮಾತು. ಓಲೆಗರಿಯ ಕಟ್ಟುಗಳು ನಮ್ಮ ಹಿರಿಯರ ಮನೆಗಳಲ್ಲಿದ್ದ ಬಗೆಯನ್ನು ನೆನೆಯಿರಿ. ಎರಡು ಮರದ ಹಲಗೆಗಳ ನಡುವೆ ಗರಿಗಳನ್ನಿಟ್ಟು, ದಾರ ಬಿಗಿದು, ಕೆಂಪು ವಸ್ತ್ರದಲ್ಲಿ ಸುತ್ತಿ ಜಗುಲಿಯ ಮೇಲೆ ಇರಿಸಿರುತ್ತಿದ್ದರು. ವಿಭೂತಿ, ಪತ್ರಿ, ಪುಷ್ಪಗಳು ತಪ್ಪದೆ ಸಲ್ಲುತ್ತಿದ್ದವು. ಬಿಚ್ಚಿ ಓದುವವರು ಮಾತ್ರ ಇರಲಿಲ್ಲ. ಶ್ರದ್ಧೆಗೆ ಕೊರತೆಯಿರಲಿಲ್ಲ, ಆದರೆ ಗೆದ್ದಲಿಗೆ ಶ್ರದ್ಧೆಯ ಹಂಗೇನು? ತಲೆಮಾರುಗಳ ಅರಿವು ಹೀಗೆ ಪೂಜೆಗೊಳ್ಳುತ್ತಲೇ ಪುಡಿಯಾದದ್ದುಂಟು.

ಆ ಕಟ್ಟುಗಳನ್ನು ಬಿಚ್ಚಿಸಿದವರು ಡಾ. ಫ.ಗು. ಹಳಕಟ್ಟಿಯವರು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಊರೂರು ತಿರುಗಿ, ಮನೆಗಳಲ್ಲಿಯೂ ಮಠಗಳಲ್ಲಿಯೂ ಕಣ್ಣುಮುಚ್ಚಿ ಕುಳಿತಿದ್ದ ಪ್ರತಿಗಳನ್ನು ಬೇಡಿ ತಂದು, ಹೋಲಿಸಿ, ನಕಲು ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಬೇರೆಯವರ ಮುದ್ರಣಾಲಯವನ್ನು ನೆಚ್ಚಿ ಕುಳಿತರೆ ಕಾರ್ಯ ಸಾಗದೆಂದು ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ಅದೇ ಕಾಲದಲ್ಲಿ, ಎಂದರೆ 1924ರಲ್ಲಿ, ಕ್ರೈಸ್ತ ಪಾದ್ರಿಗಳಾಗಿದ್ದ ರೆವರೆಂಡ್ ಚನ್ನಪ್ಪ ಉತ್ತಂಗಿಯವರು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಮತ ಯಾವುದಾದರೇನು, ಅರಿವನ್ನು ಗಂಟು ಕಟ್ಟಿಡಬಾರದೆಂಬುದರಲ್ಲಿ ಇಬ್ಬರದೂ ಒಂದೇ ನಿಲುವು. ಹಳಕಟ್ಟಿಯವರು 1964ರಲ್ಲಿ ಲಿಂಗೈಕ್ಯರಾದರು. ಗ್ರಂಥಾಲಯ ಕಾಯಿದೆ ಬಂದದ್ದು ಅದರ ಮರುವರ್ಷ. ಒಬ್ಬ ವ್ಯಕ್ತಿ ಮನೆ ಮಾರಿ ಮಾಡಿದ ಕೆಲಸವನ್ನು ಊರವರೆಲ್ಲ ಆರಾರು ಕಾಸು ಕೂಡಿಸಿ ಮುಂದುವರಿಸಬಹುದೆಂಬುದೇ ಆ ಕಾಯಿದೆಯ ಒಳತಿರುಳೆಂದು ನಾನು ಬಗೆಯುತ್ತೇನೆ.

ಇರಲಿ. ಇಂದಿನ ಸಂಸಾರಸ್ಥರಿಗೆ ಗ್ರಂಥಾಲಯದಿಂದ ಆಗುವ ಪ್ರಯೋಜನವಾದರೂ ಏನು? ಎಲ್ಲವೂ ಅಂಗೈಯ ಮೊಬೈಲಿನಲ್ಲಿಯೇ ದೊರೆಯುವಾಗ ಅಲ್ಲಿಗೇಕೆ ಹೋಗಬೇಕು ಎಂದು ಕೇಳುವವರುಂಟು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು 8 ಸಂಪುಟಗಳಷ್ಟು ದೊಡ್ಡದು. 1993ರಲ್ಲಿ ರಾಜ್ಯ ಸರ್ಕಾರವು ಹೊರತಂದ ‘ಸಮಗ್ರ ವಚನ ಸಂಪುಟ’ 15 ಸಂಪುಟಗಳಷ್ಟಿದೆ. ಇವುಗಳನ್ನು ಕೊಂಡು ಇಡುವುದು ಎಲ್ಲ ಮನೆಗಳಿಗೂ ಸಾಧ್ಯವಾಗುವ ಮಾತಲ್ಲ. ಇಡುವ ಸ್ಥಳವೂ ಇಂದಿನ ಚಿಕ್ಕ ಮನೆಗಳಲ್ಲಿಲ್ಲ. ಮೊಬೈಲಿನಲ್ಲಿ ಹರಿದಾಡುವ ವಚನಗಳಲ್ಲಿ ಅಂಕಿತ ಒಬ್ಬರದು, ಮಾತು ಇನ್ನೊಬ್ಬರದು ಆಗಿರುವುದನ್ನು ಬಲ್ಲವರು ಬಲ್ಲರು. ಶರಣರು ಆಡದ ಮಾತನ್ನು ಅವರ ಹೆಸರಿನಲ್ಲಿ ಮದುವೆಯ ಕರೆಯೋಲೆಗಳಲ್ಲಿ ಅಚ್ಚು ಹಾಕಿಸುವುದು ಬೇರೆ! ನಗರದ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಸಂಪುಟವನ್ನು ತೆರೆದು, ಅಕಾರಾದಿಯಲ್ಲಿ ಹುಡುಕಿದರೆ ಕೆಲವೇ ನಿಮಿಷಗಳಲ್ಲಿ ಸಂದೇಹ ನಿವಾರಣೆಯಾಗುತ್ತದೆ.

ಹುಡುಕುವ ಬಗೆಯನ್ನೂ ಒಂದಿಷ್ಟು ತಿಳಿದಿರಬೇಕು. ಅನೇಕ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆಯುಂಟು. ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಇದನ್ನು ಕಾಣಬಹುದು. ಒಂದು ಪುಸ್ತಕವನ್ನು ಅರಸಿ ಹೋದವರಿಗೆ ಅದರ ಎಡಬಲದಲ್ಲಿ ಅದೇ ವಿಷಯದ ಬೇರೆ ನಾಲ್ಕು ಪುಸ್ತಕಗಳು ಕಣ್ಣಿಗೆ ಬೀಳುತ್ತವೆ. ಬೇಕೆಂದು ಕೇಳಿದ್ದನ್ನಷ್ಟೇ ತೋರುವ ಯಂತ್ರಕ್ಕೂ, ಕೇಳಲು ತಿಳಿಯದೆ ಇದ್ದುದನ್ನೂ ತೋರುವ ಕಪಾಟಿಗೂ ಇರುವ ಅಂತರವಿದು. ಮಠದಲ್ಲಿ ವಿದ್ಯಾರ್ಥಿಯಾಗಿದ್ದಾಗ ನನ್ನಂಥವರಿಗೆ ವ್ಯಾಕರಣದ ಪಾಠ ಹಿರಿಯ ಶಾಸ್ತ್ರಿಗಳಿಂದ ದೊರೆಯಿತು; ಆದರೆ ಕಾದಂಬರಿ, ಪ್ರವಾಸಕಥನ, ವಿಜ್ಞಾನ ಬರಹಗಳ ರುಚಿ ಹತ್ತಿದ್ದು ಪೇಟೆಯ ವಾಚನಾಲಯದ ಕಪಾಟುಗಳ ಮುಂದೆ ನಿಂತೇ.

ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ಬಡ ಮಕ್ಕಳಿಗೆ ಗ್ರಂಥಾಲಯವು ಊರುಗೋಲು. ಎರಡು ಕೋಣೆಯ ಮನೆಯಲ್ಲಿ ದೂರದರ್ಶನದ ಸದ್ದು, ಬಂದು ಹೋಗುವ ನೆಂಟರು, ಕೈಗೂಸಿನ ಅಳು. ಇವುಗಳ ನಡುವೆ ಓದುವ ಬಗೆಯೆಂತು? ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬುತ್ತಿ ಹಿಡಿದು ನಿಲ್ಲುವ ತರುಣರನ್ನು ಯಾವ ಜಿಲ್ಲಾ ಕೇಂದ್ರದಲ್ಲಾದರೂ ನೋಡಬಹುದು. ಅವರಿಗೆ ಬೇಕಾದದ್ದು ಒಂದು ಕುರ್ಚಿ, ಒಂದು ದೀಪ, ಸ್ವಲ್ಪ ಮೌನ, ಆ ದಿನದ ಪತ್ರಿಕೆಗಳು. ಇಷ್ಟನ್ನು ದುಬಾರಿ ಶುಲ್ಕದ ತರಬೇತಿ ಕೇಂದ್ರಗಳಲ್ಲಿ ಕೊಳ್ಳಲಾರದವರ ಸಂಖ್ಯೆ ಸಣ್ಣದಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಇಲ್ಲಿ ತುಸು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಹಳ್ಳಿಯ ವಾಚನಾಲಯಗಳಲ್ಲಿ ಬೆಂಚಿನ ತುಂಬ ಗಂಡಸರು ಪತ್ರಿಕೆ ಹರವಿಕೊಂಡು ರಾಜಕೀಯ ಚರ್ಚಿಸುತ್ತಿರುತ್ತಾರೆ. ತಾಯಂದಿರಾಗಲಿ ಹೆಣ್ಣುಮಕ್ಕಳಾಗಲಿ ಒಳಗೆ ಕಾಲಿಡಲು ಸಂಕೋಚಪಡುತ್ತಾರೆ. ಅಕ್ಕಮಹಾದೇವಿಯ ಹೆಸರನ್ನು ಮಗಳಿಗಿಟ್ಟು, ಆಕೆ ಓದಲು ಹೊರಟರೆ ‘ಅಲ್ಲಿ ಗಂಡಸರಿರುತ್ತಾರೆ’ ಎಂದು ತಡೆಯುವ ತಂದೆಗೆ ಏನೆನ್ನೋಣ? ಮಗಳನ್ನು ಒಬ್ಬಳನ್ನೇ ಕಳಿಸಲು ಅಂಜುವ ತಾಯಿ ತಾನೂ ಜೊತೆಗೆ ಹೋಗಲಿ. ನಾಲ್ಕು ಮನೆಯವರು ಸೇರಿ ವಾರಕ್ಕೊಂದು ಸಂಜೆ ಹೋದರೆ, ಬೆಂಚಿನ ಮೇಲಿನವರು ತಾವಾಗಿಯೇ ಸರಿದು ಕೂರುತ್ತಾರೆ.

ಗ್ರಂಥಾಲಯಗಳಲ್ಲಿ ಕೊರತೆಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಮುರಿದ ಕುರ್ಚಿ, ಸೋರುವ ಚಾವಣಿ, ಹತ್ತು ವರ್ಷ ಹಳೆಯದಾದ ಪರೀಕ್ಷಾ ಕೈಪಿಡಿಗಳು, ಬೀಗದೊಳಗೆ ಸೆರೆಯಾದ ಹೊಸ ಪುಸ್ತಕಗಳು, ಇವೆಲ್ಲವೂ ಕಾಣುವಂಥವೇ. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಸಕಾಲದಲ್ಲಿ ಗ್ರಂಥಾಲಯಕ್ಕೆ ಸಲ್ಲಿಸದೆ ಬಾಕಿ ಉಳಿಸಿಕೊಳ್ಳುವುದು ಬಹುಕಾಲದ ದೂರು. ಆದರೆ ಸದಸ್ಯರ ವಹಿಯಲ್ಲಿ ಹೆಸರುಗಳೇ ಇಲ್ಲದಿದ್ದಾಗ, ಹಣ ಬೇಕೆಂದು ಕೇಳುವ ಗ್ರಂಥಪಾಲರ ಮಾತಿಗೆ ತೂಕ ಬರುವುದಾದರೂ ಹೇಗೆ?

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದ ಮೇಲೆ ಹಲವೆಡೆ ಹೊಸ ಕಳೆ ಬಂದಿದೆ. 2020ರಲ್ಲಿ, ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದ್ದ ದಿನಗಳಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮದಡಿ ಹಳ್ಳಿಯ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ಕೊಡುವ ಏರ್ಪಾಡಾಯಿತು. ಈಗ ಇವುಗಳನ್ನು ‘ಅರಿವು ಕೇಂದ್ರ’ ಎಂದು ಕರೆಯುತ್ತಾರೆ. ಸೊಗಸಾದ ಹೆಸರು. ಗೋಡೆಗೆ ಬಣ್ಣದ ಚಿತ್ರ ಬರೆಸಿ, ನೆಲಕ್ಕೆ ಜಮಖಾನ ಹಾಸಿ ಮಕ್ಕಳನ್ನು ಕೂರಿಸುವ ಮೇಲ್ವಿಚಾರಕರು ಅಲ್ಪ ಸಂಭಾವನೆಯಲ್ಲಿಯೇ ಈ ಕಾಯಕ ನಡೆಸುತ್ತಿದ್ದಾರೆ.

ಸದಸ್ಯರಾಗುವುದು ಕಷ್ಟವಲ್ಲ. ಅರ್ಜಿ ನಮೂನೆಯೊಂದನ್ನು ತುಂಬಿ, ಗುರುತಿನ ಹಾಗೂ ವಿಳಾಸದ ದಾಖಲೆಯ ಪ್ರತಿಯನ್ನಿತ್ತು, ಪಟ್ಟಣಗಳಲ್ಲಾದರೆ ಅಲ್ಪ ಠೇವಣಿ ಕಟ್ಟಬೇಕು. ಸದಸ್ಯತ್ವ ಬಿಡುವಾಗ ಠೇವಣಿ ಮರಳಿ ಬರುತ್ತದೆ. ನಗರದ ಶಾಖೆಗಳು ಸಾಮಾನ್ಯವಾಗಿ ಭಾನುವಾರವೂ ತೆರೆದಿದ್ದು ಸೋಮವಾರ ರಜೆ ಹೊಂದಿರುವುದರಿಂದ, ನೌಕರಿಯಲ್ಲಿರುವ ತಂದೆತಾಯಿಗಳಿಗೂ ಮಕ್ಕಳನ್ನು ಕರೆದೊಯ್ಯಲು ಅನುಕೂಲವುಂಟು.

ಇನ್ನೊಂದು ಮಾತು, ದಾನಿಗಳಿಗೆ. ಹಿರಿಯರ ಪುಣ್ಯಸ್ಮರಣೆಗೆ, ಗೃಹಪ್ರವೇಶಕ್ಕೆ ಸ್ಟೀಲಿನ ಪಾತ್ರೆಗಳನ್ನು ಹಂಚುವ ವಾಡಿಕೆ ನಮ್ಮಲ್ಲಿದೆ. ಅದರಲ್ಲಿ ಕಾಲುಭಾಗದ ವೆಚ್ಚದಲ್ಲಿ ಊರಿನ ಅರಿವು ಕೇಂದ್ರಕ್ಕೆ ಒಂದು ಕಪಾಟು ಮಕ್ಕಳ ಪುಸ್ತಕಗಳನ್ನು ಕೊಡಬಹುದು. ಮೇಲ್ವಿಚಾರಕರಿಗೆ ಯಾವುದು ಬೇಕೆಂದು ಮೊದಲು ಕೇಳಿ ಕೊಡಬೇಕು. ಹರಿದ ಪಠ್ಯಪುಸ್ತಕಗಳನ್ನು ಹೊರೆ ಕಟ್ಟಿ ಸಾಗಿಸುವುದು ದಾನವಲ್ಲ, ಮನೆ ಗುಡಿಸುವ ಉಪಾಯ. ಕೊಟ್ಟ ಪುಸ್ತಕಗಳು ದಾಖಲೆ ವಹಿಯಲ್ಲಿ ಏರಿವೆಯೇ ಎಂಬುದನ್ನೂ ನೋಡಿಕೊಳ್ಳಬೇಕು, ಇಲ್ಲವಾದರೆ ಅವು ಯಾರದ್ದೋ ಮನೆ ಸೇರಿಯಾವು.

ಕೊನೆಯದಾಗಿ ಕರದ ಲೆಕ್ಕ. ಈ ವರ್ಷ ಪಂಚಾಯಿತಿಯು ವಸೂಲು ಮಾಡಿದ ಗ್ರಂಥಾಲಯ ಕರವೆಷ್ಟು, ಅದರಲ್ಲಿ ಪುಸ್ತಕಕ್ಕೆ ಹೋದದ್ದೆಷ್ಟು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವ ಅಧಿಕಾರ ಪ್ರತಿ ಮತದಾರನಿಗೂ ಇದೆ. ಕೇಳುವಾಗ ಮನೆಕಂದಾಯದ ರಸೀದಿ ಕೈಯಲ್ಲಿದ್ದರೆ ಒಳ್ಳೆಯದು. ಗ್ರಂಥಾಲಯದ ಸದಸ್ಯತ್ವದ ಚೀಟಿಯೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.